ವಯಸ್ಕರ ಎಡಿಎಚ್‌ಡಿ ಚಿಕಿತ್ಸೆಯಲ್ಲಿ ಬಾಳಸಂಗಾತಿಯ ಪಾತ್ರ

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯು (ಎಡಿಎಚ್‌ಡಿ) ಬಾಲ್ಯದಲ್ಲಿ ಆರಂಭವಾಗುವ ನರವಿಕಾಸದ ಸಮಸ್ಯೆಯಾಗಿದ್ದು, ಹಲವರಲ್ಲಿ ವಯಸ್ಕರಾದ ಮೇಲೂ ಉಳಿಯುತ್ತದೆ. ಮರೆವು, ಅರ್ಧಕ್ಕೆ ನಿಂತ ಕೆಲಸಗಳು ದಾಂಪತ್ಯದಲ್ಲಿ ಅಸಡ್ಡೆಯೆಂದು ತೋರುವುದುಂಟು. ವೈದ್ಯರ ಭೇಟಿಗೆ ದಿನ ಗೊತ್ತುಪಡಿಸಿ, ಅದನ್ನು ನೆನಪಿಟ್ಟು ಹೋಗುವುದೇ ಈ ತೊಂದರೆಯುಳ್ಳವರಿಗೆ ಕಠಿಣವಾದ್ದರಿಂದ, ವಿಳಂಬವೆಲ್ಲವೂ ಚಿಕಿತ್ಸೆಯ ನಿರಾಕರಣೆಯಲ್ಲ. ದಿನ ಗೊತ್ತುಪಡಿಸಲು ನೆರವಾಗಿ ಜೊತೆಯಲ್ಲಿ ಹೋಗುವುದು ಬುದ್ಧಿಮಾತಿಗಿಂತ ಹೆಚ್ಚು ಪ್ರಯೋಜನಕಾರಿ. ಆದರೆ ಒಪ್ಪಿಗೆ ರೋಗಿಯದೇ ಆಗಿರಬೇಕು.

ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 (2013) ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡಿರಬೇಕು. ಆ ಕಾಲವನ್ನು ಸಂಗಾತಿ ಕಂಡಿರುವುದು ವಿರಳ. ಆದುದರಿಂದ ಅತ್ತೆ-ಮಾವಂದಿರ ನೆನಪುಗಳೂ ಹಳೆಯ ಶಾಲಾ ಪ್ರಗತಿಪತ್ರಗಳೂ ಮನೋವೈದ್ಯರಿಗೆ ಉಪಯುಕ್ತವಾಗುತ್ತವೆ. ಮೀಥೈಲ್‌ಫೆನಿಡೇಟ್ ಔಷಧಿ ಆರಂಭವಾದ ಬಳಿಕ ಹಸಿವು ಕುಗ್ಗುವುದು, ನಿದ್ರೆ ಕೆಡುವುದು ಮನೆಯವರ ಗಮನಕ್ಕೇ ಮೊದಲು ಬರಬಹುದು.