ಒಲೆಯ ಮುಂದೆ ಒಬ್ಬ ಬ್ರದರ್

ದ್ರಾಕ್ಷಾರಸ ಖರೀದಿಸಿ ತರಲು ಪ್ಯಾರಿಸ್ಸಿನ ಕಾರ್ಮೆಲ್ ಮಠದವರು ಬರ್ಗಂಡಿ ಪ್ರಾಂತಕ್ಕೆ ಕಳಿಸಿದ್ದು ವ್ಯಾಪಾರದ ಗಂಧಗಾಳಿ ಇಲ್ಲದ ಒಬ್ಬ ಸನ್ಯಾಸಿಯನ್ನು. ಸಾಲದ್ದಕ್ಕೆ ಆತನಿಗೆ ಒಂದು ಕಾಲು ಕುಂಟು. ದೋಣಿಯಲ್ಲಿ ಅತ್ತಿಂದಿತ್ತ ಹೋಗಬೇಕೆಂದರೆ ನಡೆಯಲಾಗದು, ಪೀಪಾಯಿಗಳ ಮೇಲೆ ಉರುಳಿಕೊಂಡೇ ಸಾಗಬೇಕು. ಮೈಮೇಲೆ ಕಾವಿಯಂಥ ಕಂದು ನಿಲುವಂಗಿ, ಸುತ್ತ ನೋಡುವ ಜನ. ಆ ಉರುಳಾಟಕ್ಕೆ ಆತ ನಾಚಿಕೊಳ್ಳಲಿಲ್ಲ, ಖರೀದಿ ಹೇಗಾದೀತೋ ಎಂದು ತಲೆ ಕೆಡಿಸಿಕೊಳ್ಳಲೂ ಇಲ್ಲ. ಇದು ನಿನ್ನ ಕೆಲಸ, ನೀನೇ ನೋಡಿಕೋ ಎಂದು ದೇವರ ಹೆಗಲಿಗೆ ಹಾಕಿ ಸುಮ್ಮನಾದ. ಆಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಆಗಿತ್ತು. ಅದರ ಹಿಂದಿನ ವರ್ಷ ಓವೆರ್ನ್ ಪ್ರಾಂತಕ್ಕೆ ಇದೇ ಕೆಲಸಕ್ಕೆ ಹೋದಾಗಲೂ ಹಾಗೇ ಆಗಿತ್ತಂತೆ, ಹೇಗೆ ಆಯಿತೆಂದು ಮಾತ್ರ ಆತನಿಗೆ ಗೊತ್ತಿರಲಿಲ್ಲ. 1666ರಲ್ಲಿ ಈ ಕತೆಯನ್ನು ಆತ ತಾನೇ ಹೇಳಿಕೊಂಡದ್ದು, ಬಂದು ಕೇಳಿದ ಪಾದ್ರಿಯೊಬ್ಬರ ಮುಂದೆ.

ಆತನ ಹೆಸರು ಬ್ರದರ್ ಲಾರೆನ್ಸ್. ಕ್ರಿಸ್ತನಂತೆ ಬದುಕುವುದು ಎಂದರೇನು ಎಂದು ಯಾರಾದರೂ ಕೇಳಿದರೆ ಅಸಿಸಿಯ ಫ್ರಾನ್ಸಿಸ್, ಕಲ್ಕತ್ತೆಯ ಮದರ್ ತೆರೇಸಾ ಎಂದು ನಮ್ಮ ಬಾಯಿಗೆ ದೊಡ್ಡ ಹೆಸರುಗಳೇ ಬರುತ್ತವೆ. ಕೇಳಿದವರು ತಲೆದೂಗಿ, ಅದು ನಮ್ಮಂಥವರ ಕೈಲಾಗುವ ಮಾತಲ್ಲ ಎಂದು ಎದ್ದು ಹೋಗುತ್ತಾರೆ. ಲಾರೆನ್ಸ್ ವಿಷಯದಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಆತ ಕುಷ್ಠರೋಗಿಯನ್ನು ಅಪ್ಪಿಕೊಳ್ಳಲಿಲ್ಲ, ರಾಜರಿಗೆ ಬುದ್ಧಿ ಹೇಳಲಿಲ್ಲ, ಸಂಸ್ಥೆ ಕಟ್ಟಲಿಲ್ಲ. ವರ್ಷಗಟ್ಟಲೆ ಅಡುಗೆ ಮಾಡಿದ, ಪಾತ್ರೆ ತೊಳೆದ, ಮೈಯಲ್ಲಿ ಶಕ್ತಿ ಕುಂದಿದ ಮೇಲೆ ಚಪ್ಪಲಿ ಹೊಲಿದ.

ಹುಟ್ಟಿದ್ದು 1614ರ ಸುಮಾರಿಗೆ, ಲೊರೇನ್ ಪ್ರಾಂತದ ಒಂದು ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ನಿಕೊಲಾಸ್ ಹರ್ಮನ್. ಹದಿನೆಂಟರ ಹರೆಯದಲ್ಲಿ ಚಳಿಗಾಲದ ಬೋಳು ಮರವೊಂದನ್ನು ನೋಡಿ, ಇದು ಮತ್ತೆ ಚಿಗುರುತ್ತದಲ್ಲ ಎಂಬ ಯೋಚನೆ ಮೂಡಿ ಭಕ್ತಿ ಹುಟ್ಟಿತೆಂಬುದು ಎಲ್ಲರೂ ಹೇಳುವ ಕತೆ. ಸಿನಿಮಾದಲ್ಲಾದರೆ ಅಲ್ಲಿಂದ ನೇರ ಮಠಕ್ಕೆ ಹೋಗಿಬಿಡುತ್ತಿದ್ದ. ಈತ ಸೇರಿದ್ದು ಸೈನ್ಯ. ಮೂವತ್ತು ವರ್ಷಗಳ ಯುದ್ಧದ ಕಾಲ. ಜರ್ಮನ್ ಪಡೆಯ ಕೈಗೆ ಸಿಕ್ಕಿ ಗೂಢಚಾರನೆಂಬ ಗುಮಾನಿಯಲ್ಲಿ ನೇಣಿನ ಬಾಗಿಲಿಗೆ ಹೋಗಿ ಬಂದ. ಸ್ವೀಡನ್ನಿನವರ ದಾಳಿಯಲ್ಲಿ ಗಾಯಗೊಂಡು ಸೈನಿಕ ಬದುಕು ಮುಗಿಯಿತು. ಕೆಲಕಾಲ ಏಕಾಂತವಾಸಿಯಾಗಿ ನೋಡಿದ, ಅದು ಒಗ್ಗಲಿಲ್ಲ. ಖಜಾನೆ ಅಧಿಕಾರಿಯೊಬ್ಬರ ಮನೆಯಲ್ಲಿ ಆಳಾಗಿ ಸೇರಿದ. ಅಲ್ಲಿಯೂ ಮುಟ್ಟಿದ್ದೆಲ್ಲ ಒಡೆಯುವ ಎಡವಟ್ಟು ಆಳು ಎಂದೇ ಹೆಸರು. ಇದೂ ಆತನೇ ತನ್ನ ಬಗ್ಗೆ ಹೇಳಿಕೊಂಡ ಮಾತು.

1640ರಲ್ಲಿ ಪ್ಯಾರಿಸ್ಸಿನ ವೋಜಿರಾರ್ ಬೀದಿಯ ಮಠದ ಬಾಗಿಲು ತಟ್ಟಿದಾಗ ಆತನ ಲೆಕ್ಕಾಚಾರ ವಿಚಿತ್ರವಾಗಿತ್ತು. ಈ ಎಡವಟ್ಟುತನಕ್ಕೆಲ್ಲ ಅಲ್ಲಿ ಚರ್ಮ ಸುಲಿಯುತ್ತಾರೆ, ಬದುಕಿನ ಸುಖವೆಲ್ಲ ದೇವರಿಗೆ ಹರಕೆಯಾಗಿ ಹೋಗುತ್ತದೆ, ಹೋಗಲಿ ಎಂದುಕೊಂಡೇ ಒಳಗೆ ಕಾಲಿಟ್ಟದ್ದು. ದೇವರು ನನಗೆ ಮೋಸ ಮಾಡಿದ, ಇಲ್ಲಿ ಸಿಕ್ಕಿದ್ದೆಲ್ಲ ತೃಪ್ತಿಯೇ ಎಂದು ಮುಂದೆ ತಮಾಷೆ ಮಾಡುತ್ತಿದ್ದ. ತನ್ನನ್ನು ತಾನೇ ನೋಡಿ ನಗಬಲ್ಲವನಿಗೆ ಮಾತ್ರ ಬರುವ ತಮಾಷೆ ಅದು. ಧರ್ಮಶ್ರದ್ಧೆಯ ಬರಹಗಳಲ್ಲಿ ಸಿಗುವುದು ಅಪರೂಪ.

ಆತ ಸೇರಿದ್ದು ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಆಗಿನ ಮಠಗಳಲ್ಲಿ ಎರಡು ದರ್ಜೆ. ಲ್ಯಾಟಿನ್ ಬಲ್ಲವರು ಗುಡಿಯಲ್ಲಿ ಕುಳಿತು ಕೀರ್ತನೆ ಹಾಡುವವರು, ಪೂಜೆ ಅರ್ಪಿಸುವವರು. ಲ್ಯಾಟಿನ್ ಬಾರದ ಬಡವರ ಮಕ್ಕಳು ಒಲೆ, ತೋಟ, ಬಾಗಿಲು, ಬಟ್ಟೆಯ ಕೆಲಸಕ್ಕೆ. ಮಠದ ತೀರ್ಮಾನಗಳಲ್ಲಿ ಇವರ ಮಾತಿಗೆ ಜಾಗವಿಲ್ಲ. ಲಾರೆನ್ಸ್ ಪಾಲಿಗೆ ಬಂದದ್ದು ಅಡುಗೆಮನೆ. ಈ ಸನ್ಯಾಸಿಗಳಿಗೆ ಮಾಂಸ ವರ್ಜ್ಯ, ವರ್ಷದ ಬಹುಭಾಗ ಉಪವಾಸದ ನೇಮ ಬೇರೆ. ಹಾಗೆಂದು ಅಡುಗೆಯವನಿಗೆ ಬಿಡುವೇನೂ ಇಲ್ಲ. ಹಸಿದ ಮಠದ ಮುಂದೆ ಕಾಳು, ಮೀನು, ಮೊಟ್ಟೆ, ಸೊಪ್ಪನ್ನೇ ದಿನದಿನವೂ ಇಟ್ಟು ತೃಪ್ತಿಪಡಿಸುವುದು ಎಂಥ ಕೆಲಸವೆಂದು ಹಾಸ್ಟೆಲ್ ಅಡುಗೆಯವರನ್ನು ಕೇಳಬೇಕು.

ಎಲ್ಲಕ್ಕಿಂತ ಮುಖ್ಯ ಸಂಗತಿ ಒಂದಿದೆ: ಆತನಿಗೆ ಅಡುಗೆ ಕೆಲಸ ಹಿಡಿಸುತ್ತಿರಲಿಲ್ಲ. ಸ್ವಭಾವದಿಂದಲೇ ಅದರ ಮೇಲೆ ಜಿಗುಪ್ಸೆ ಇತ್ತು. ಇದನ್ನು ಆತ ಮುಚ್ಚಿಡಲೂ ಇಲ್ಲ. ಇಷ್ಟದ ಕೆಲಸ ಹುಡುಕಿಕೊಂಡರೆ ಸಂತೋಷ ತಾನಾಗಿ ಬರುತ್ತದೆ ಎಂದು ಈಗ ಎಲ್ಲರೂ ಉಪದೇಶ ಮಾಡುವವರೇ. ಲಾರೆನ್ಸ್ ಇಷ್ಟವಿಲ್ಲದ ಕೆಲಸದಲ್ಲೇ ಹದಿನೈದು ವರ್ಷ ಕಳೆದ, ಅದು ಹಗುರವಾಯಿತು. ಒಬ್ಬರು ಉಪ್ಪು ಕೇಳುತ್ತಾರೆ, ಇನ್ನೊಬ್ಬರು ನೀರು, ಮತ್ತೊಬ್ಬರು ರೋಗಿಗೆ ಬೇರೆ ಗಂಜಿ. ಆ ಗದ್ದಲದಲ್ಲಿಯೂ ಗುಡಿಯಲ್ಲಿ ಮಂಡಿಯೂರಿದಾಗಿನಷ್ಟೇ ನೆಮ್ಮದಿಯಿಂದ ದೇವರ ಸಂಗಡ ಇರುತ್ತೇನೆ ಎನ್ನುತ್ತಿದ್ದ. ಅವಸರವೂ ಇಲ್ಲ, ಆಲಸ್ಯವೂ ಇಲ್ಲ; ಯಾವುದರ ಹೊತ್ತು ಬಂತೋ ಅದನ್ನು ಮಾಡುವುದು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದಿದ್ದರೆ ದೇವರ ಪ್ರೀತಿಗಾಗಿ ಮಗುಚುವುದು. ಅದು ಬೆಂದ ಮೇಲೆ ಬೇರೆ ಕೆಲಸವಿಲ್ಲದಿದ್ದರೆ ಅಲ್ಲೇ ನೆಲಕ್ಕೆ ಹಣೆ ಹಚ್ಚಿ ವಂದಿಸಿ ಏಳುವುದು. ಅಷ್ಟೂ ಸಾಧ್ಯವಾಗದಾಗ ನೆಲದ ಮೇಲೆ ಬಿದ್ದ ಒಂದು ಹುಲ್ಲುಕಡ್ಡಿ ಎತ್ತಿದರೂ ಸಾಕು, ಪ್ರೀತಿಗಾಗಿ ಎತ್ತಿದರೆ.

ಹುಲ್ಲುಕಡ್ಡಿಯ ಮಾತು ಕೇಳಲು ಚೆಂದ. ಅದರ ಹಿಂದೆ ಹತ್ತು ವರ್ಷದ ನರಳಾಟ ಇದೆ. ಮಠ ಸೇರಿದ ಮೇಲೆ ಆ ಹತ್ತು ವರ್ಷ ಆತ ಒಳಗೊಳಗೇ ಬೆಂದ. ಒಂದು ನಾಲ್ಕು ವರ್ಷವಂತೂ ತನಗೆ ನರಕವೇ ಗತಿ ಎಂದು ನಂಬಿಬಿಟ್ಟಿದ್ದ. ಯಾರು ಏನು ಹೇಳಿದರೂ ಆ ನಂಬಿಕೆ ಅಲುಗಲಿಲ್ಲ. ಅದರಿಂದ ಹೊರಬಂದದ್ದು ಯಾವುದೋ ದರ್ಶನದಿಂದಲ್ಲ, ಒಂದು ನಿರ್ಧಾರದಿಂದ. ಸ್ವರ್ಗವೋ ನರಕವೋ, ಅದು ನನ್ನ ಚಿಂತೆಯಲ್ಲ. ನಾನು ಇಲ್ಲಿಗೆ ಬಂದದ್ದು ಪ್ರೀತಿಗಾಗಿ. ಬದುಕಿರುವಷ್ಟು ದಿನ ಪ್ರೀತಿಸಿದ ಲಾಭವಾದರೂ ನನಗಿರಲಿ. ಹೀಗೆ ಕೂಲಿಯ ಆಸೆ ಬಿಟ್ಟ ಮೇಲೆ ಹೆದರಿಕೆಯೂ ಬಿಟ್ಟುಹೋಯಿತು.

ತಪ್ಪುಗಳ ವಿಷಯದಲ್ಲೂ ಅಷ್ಟೇ. ಒಡೆಯುವ ಕೈ ಮಠಕ್ಕೆ ಬಂದ ಮಾತ್ರಕ್ಕೆ ಸರಿಹೋಗುವುದಿಲ್ಲವಲ್ಲ. ತಪ್ಪಿದರೆ ಆತ ಅದನ್ನು ಕೂಡಲೇ ಒಪ್ಪಿಕೊಳ್ಳುತ್ತಿದ್ದ: ನನ್ನ ಪಾಡಿಗೆ ಬಿಟ್ಟರೆ ನಾನು ಹೀಗೇ ಮಾಡುವವನು, ತಿದ್ದುವುದು ನಿನ್ನ ಕೆಲಸ. ಅಷ್ಟು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದ. ದೀನತೆ ಎಂದರೆ ತಲೆ ತಗ್ಗಿಸಿ ನಿಲ್ಲುವುದು, ನಾನು ಪಾಪಿ ನಾನು ಪಾಪಿ ಎಂದು ಹಲುಬುವುದು ಎಂದು ಎಷ್ಟೋ ಭಕ್ತರು ತಿಳಿದಿದ್ದಾರೆ. ನನ್ನ ಅನುಮಾನ, ಆ ಹಲುಬಾಟದಲ್ಲೂ 'ನಾನು' ಎಂಬುದೇ ದೊಡ್ಡದಾಗಿ ಕೇಳುತ್ತದೆ. ಲಾರೆನ್ಸ್ ತನ್ನ ಬಗ್ಗೆ ಕಡದ ಪುಸ್ತಕ ಇಡುವುದನ್ನೇ ಬಿಟ್ಟಿದ್ದ. ಪೀಪಾಯಿಗಳ ಮೇಲೆ ಉರುಳುವಾಗ ನಾಚಿಕೆ ಬಾರದಿದ್ದುದು ಅದಕ್ಕೇ.

ಮಠ ಸೇರಿದಾಗ ಆತನಿಗೆ ಸಿಕ್ಕ ಪೂರ್ತಿ ಹೆಸರು 'ಪುನರುತ್ಥಾನದ ಲಾರೆನ್ಸ್'. ಅಡುಗೆಯವನಿಗೆ ಇಷ್ಟು ಒಪ್ಪುವ ಹೆಸರು ಮತ್ತೊಂದಿಲ್ಲ. ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ, ಸತ್ತು ಎದ್ದ ಯೇಸು ಸರೋವರದ ದಡದಲ್ಲಿ ಏನು ಮಾಡುತ್ತಿದ್ದ? ಕೆಂಡದ ಮೇಲೆ ಮೀನು ಸುಡುತ್ತಿದ್ದ. ಪಕ್ಕದಲ್ಲಿ ರೊಟ್ಟಿ. ರಾತ್ರಿಯಿಡೀ ಬಲೆ ಬೀಸಿ ಬಸವಳಿದ ಏಳು ಜನ ದಡಕ್ಕೆ ಬರುತ್ತಾರೆ. ಅವರಲ್ಲಿ ಪೇತ್ರನೂ ಇದ್ದಾನೆ. ಕೆಲವೇ ದಿನಗಳ ಹಿಂದೆ ಪ್ರಧಾನ ಯಾಜಕನ ಅಂಗಳದಲ್ಲಿ ಇಂಥದೇ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದವನು. ಈಗ ಮತ್ತೆ ಕೆಂಡದ ಮುಂದೆ ನಿಂತಿದ್ದಾನೆ, ಎದುರಿಗೆ ಆ ಮನುಷ್ಯನೇ ಇದ್ದಾನೆ. ಯಾಕೆ ಹಾಗಂದೆ ಎಂಬ ವಿಚಾರಣೆ ಇಲ್ಲ. ಬಂದು ಊಟ ಮಾಡಿ ಎಂಬ ಕರೆ. ಉಂಡಾದ ಮೇಲೆಯೇ ಮಾತು, ಆ ಮಾತೂ ಪ್ರೀತಿಯ ಬಗ್ಗೆ. ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಯನ್ನು ನಮ್ಮ ಇಗರ್ಜಿಗಳಲ್ಲಿ ಭಕ್ತಿಯಿಂದ ಮಾಡುತ್ತೇವೆ (ಆಯ್ಕೆಯಾದವರು ಮನೆಯಲ್ಲೇ ಕಾಲು ತಿಕ್ಕಿ ತೊಳೆದು ಬಂದಿರುತ್ತಾರೆ ಎಂಬುದು ಬೇರೆ ಮಾತು). ದಡದ ಮೇಲಿನ ಈ ಅಡುಗೆಗೆ ಮಾತ್ರ ವಿಧಿಯಿಲ್ಲ. ಅದನ್ನು ಮನೆಯ ಒಲೆಗೇ ಬಿಟ್ಟಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಲಾರೆನ್ಸನ ಮಾತು ನಮ್ಮೂರಲ್ಲಿ ಯಾರ ಕಿವಿಗೆ ಮೊದಲು ಬೀಳುತ್ತದೆ? ಬೆಳಗ್ಗೆ ಐದಕ್ಕೆ ಎದ್ದು ಎಲ್ಲರ ಬುತ್ತಿ ಕಟ್ಟಿ, ಕೊನೆಗೆ ತಣ್ಣಗಾದದ್ದನ್ನು ಉಣ್ಣುವ ಹೆಂಗಸರ ಕಿವಿಗೆ. ಪಾತ್ರೆ ತೊಳೆಯುವುದೂ ಪ್ರಾರ್ಥನೆಯಮ್ಮ, ನಗುನಗುತ್ತ ಮಾಡು ಎಂದು ಸೋಫಾದಿಂದ ಹೇಳುವವರಿಗೆ ಈ ಸನ್ಯಾಸಿ ಒಳ್ಳೆ ಆಧಾರವಾದಾನು. ಆತ ಹಾಗೆ ಯಾರಿಗೂ ಹೇಳಲಿಲ್ಲ. ಆತ ಹೆಂಡತಿಯಿಂದ ಚಾಕರಿ ಮಾಡಿಸಿಕೊಂಡ ಗಂಡಸಲ್ಲ, ತಾನೇ ಸೌಟು ಹಿಡಿದವನು. ನೂರು ಜನ ಗಂಡಸರಿಗೆ ಬಡಿಸಿದ ಗಂಡಸು. ಈ ಪಾಠವನ್ನು ಇನ್ನೊಬ್ಬರಿಗೆ ಒಪ್ಪಿಸುವ ಮೊದಲು ಸೌಟು ಕೈಗೆ ತೆಗೆದುಕೊಳ್ಳುವುದು ಮರ್ಯಾದೆ.

ಆನಂದದ ವಿಷಯಕ್ಕೆ ಬಂದರೆ, ಒಳಗಿನ ಸಂತೋಷ ಕೆಲವೊಮ್ಮೆ ಎಷ್ಟು ಉಕ್ಕುತ್ತಿತ್ತೆಂದರೆ ಹೊರಗೆ ಕಾಣದಂತೆ ಅದನ್ನು ತಡೆಯಲು ಉಪಾಯ ಹುಡುಕಬೇಕಾಗುತ್ತಿತ್ತು ಎಂದು ಒಂದು ಪತ್ರದಲ್ಲಿ ಬರೆದಿದ್ದಾನೆ. ತನ್ನ ಕತೆಯನ್ನೇ ಯಾರೋ ಬೇರೆ ಸನ್ಯಾಸಿಯದೆಂಬಂತೆ ಬರೆದ ಪತ್ರ ಅದು. ಇನ್ನೊಂದು ಪತ್ರ ಕಳಿಸಿದ್ದೇ ಇದನ್ನು ಯಾರಿಗೂ ತೋರಿಸಬಾರದೆಂಬ ಷರತ್ತಿನ ಮೇಲೆ. ವಯಸ್ಸಾದಂತೆ ಕಾಲಿನಲ್ಲಿ ವ್ರಣವಾಗಿ ನೋವು ಹೆಚ್ಚಿತು. ಅಡುಗೆಮನೆಯಿಂದ ಚಪ್ಪಲಿ ಹೊಲಿಯುವ ಕೊಠಡಿಗೆ ಹಾಕಿದರು. ಅದು ಆತನಿಗೆ ಹಿಡಿಸಿತು. ಆದರೂ ಹಿಂದಿನದನ್ನು ಬಿಟ್ಟಂತೆ ಇದನ್ನೂ ಬಿಡಲು ತಯಾರು ಎನ್ನುತ್ತಿದ್ದ. ಫ್ರೆಂಚ್ ಅರಮನೆಯಲ್ಲಿ ರಾಜನ ಮೊಮ್ಮಗನಿಗೆ ಪಾಠ ಹೇಳಿದ ಪಂಡಿತ ಫೆನೆಲೋನ್ ಈತನನ್ನು ನೋಡಲು ಬಂದಿದ್ದ. ಲಾರೆನ್ಸ್ ಆಗ ವಿಪರೀತ ಕಾಯಿಲೆಯಲ್ಲಿದ್ದ, ವಿಪರೀತ ಗೆಲುವಾಗಿಯೂ ಇದ್ದ ಎಂದು ಫೆನೆಲೋನ್ ಆಮೇಲೆ ನೆನೆಸಿಕೊಂಡಿದ್ದಾನೆ. ಇಬ್ಬರೂ ಮಾತಾಡಿದ್ದು ಸಾವಿನ ಬಗ್ಗೆ.

1691ರ ಫೆಬ್ರವರಿ 12ರಂದು ಲಾರೆನ್ಸ್ ತೀರಿಕೊಂಡ. 1666ರಲ್ಲಿ ಬಂದು ಕೇಳಿದ್ದ ಆ ಪಾದ್ರಿ, ಜೋಸೆಫ್ ದ ಬೊಫೋರ್, ಉಳಿದ ಪತ್ರಗಳನ್ನು ಕಲೆಹಾಕಿ ಮರುವರ್ಷವೇ ಅಚ್ಚು ಹಾಕಿಸಿದರು. ಯಾರಿಗೂ ತೋರಿಸಬೇಡಿ ಎಂದವನ ಪತ್ರಗಳು ಊರೆಲ್ಲ ಓದುವಂತಾದವು. ಸ್ವಲ್ಪದರಲ್ಲೇ ಗ್ರಹಚಾರ ಕೆಟ್ಟಿತು. ಫೆನೆಲೋನ್ ಸುತ್ತ ಎದ್ದ ಧರ್ಮವಿವಾದದಲ್ಲಿ ರೋಮ್ 1699ರಲ್ಲಿ ಆತನ ಮಾತುಗಳನ್ನು ಖಂಡಿಸಿತು. ಆತ ಮೆಚ್ಚಿದ್ದ ಅಡುಗೆಯವನ ಮೇಲೂ ಅನುಮಾನದ ನೆರಳು ಬಿತ್ತು. ಕಥೋಲಿಕರು ದೂರವಿಟ್ಟ ಪುಸ್ತಕವನ್ನು ಪ್ರೊಟೆಸ್ಟೆಂಟರು ಎತ್ತಿಕೊಂಡರು. ಮೆಥಡಿಸ್ಟ್ ಸಭೆಯ ಜಾನ್ ವೆಸ್ಲಿ ತನ್ನ ಜನ ಓದಬೇಕಾದ ಪುಸ್ತಕಗಳ ಮಾಲೆಯಲ್ಲಿ ಅದನ್ನು ಸೇರಿಸಿದ. ಲಾರೆನ್ಸ್‌ಗೆ ಸಂತ ಪದವಿ ಇನ್ನೂ ಸಿಕ್ಕಿಲ್ಲ.

ಈ ಕಾರ್ಮೆಲ್ ಸಭೆ ಕರಾವಳಿಯವರಿಗೆ ಹೊಸದಲ್ಲ. 1878ರ ಕೊನೆಯಲ್ಲಿ ಯೇಸುಸಭೆಯವರು ಬಂದು ಇಳಿಯುವವರೆಗೆ ಮಂಗಳೂರಿನ ಕಥೋಲಿಕರನ್ನು ನೋಡಿಕೊಂಡವರು ಇದೇ ಸಭೆಯ ಪಾದ್ರಿಗಳು. ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರ ಈಗಲೂ ಅವರದೇ. ಪ್ಯಾರಿಸ್ಸಿನ ಆ ಮಠ ಮಾತ್ರ ಮಠವಾಗಿ ಉಳಿದಿಲ್ಲ. ಕ್ರಾಂತಿಯ ಕಾಲದಲ್ಲಿ, 1792ರ ಸೆಪ್ಟೆಂಬರಿನಲ್ಲಿ, ಅಲ್ಲಿ ಕೂಡಿಹಾಕಿದ್ದ ನೂರಕ್ಕೂ ಹೆಚ್ಚು ಪಾದ್ರಿಗಳನ್ನು ಕೊಂದರು. ಈಗ ಅಲ್ಲಿ ವಿದ್ಯಾಸಂಸ್ಥೆ ಇದೆ, ಹಳೆಯ ಇಗರ್ಜಿ ನಿಂತಿದೆ. ಅದರ ನೆಲಮಾಳಿಗೆಯಲ್ಲಿ ಫ್ರೆಡರಿಕ್ ಓಜನಾಮ್ ಎಂಬ ಪ್ರಾಧ್ಯಾಪಕನ ಸಮಾಧಿ ಇದೆ. ಲಾರೆನ್ಸ್‌ಗೂ ಈತನಿಗೂ ನಡುವೆ ಒಂದೂವರೆ ಶತಮಾನ, ಸಂಬಂಧವೆಂದರೆ ಆ ಕಟ್ಟಡ ಒಂದೇ. ಆದರೂ ಈತ ಶುರುಮಾಡಿದ ಕೆಲಸ ಬ್ರದರ್ ಕಣ್ಣಿಗೆ ಬಿದ್ದಿದ್ದರೆ ಖುಷಿಪಡುತ್ತಿದ್ದ ಎಂದು ನನಗನ್ನಿಸುತ್ತದೆ.

1833ರಲ್ಲಿ, ಇಪ್ಪತ್ತರ ವಿದ್ಯಾರ್ಥಿಯಾಗಿದ್ದಾಗ, ನಿಮ್ಮ ಧರ್ಮ ಹಿಂದೆ ಮಾಡಿದ್ದಿರಲಿ, ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಯಾರೋ ಕೆಣಕಿದ್ದಕ್ಕೆ ಓಜನಾಮ್ ಮತ್ತು ಗೆಳೆಯರು ಸಂತ ವಿನ್ಸೆಂಟ್ ಡಿ ಪೌಲ್ ಸೊಸೈಟಿ ಕಟ್ಟಿದರು. ಬಡವರ ಕೇರಿಯಲ್ಲಿ ಓಡಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರಿಗೆ ದಾರಿ ತೋರಿಸಿದರು. ಮಂಗಳೂರು, ಬೆಂಗಳೂರಿನ ಎಷ್ಟೋ ಇಗರ್ಜಿಗಳಲ್ಲಿ ಆ ಸೊಸೈಟಿಯ ಘಟಕಗಳಿವೆ. ಸದಸ್ಯರೆಂದರೆ ಬ್ಯಾಂಕಿನಿಂದ ನಿವೃತ್ತರಾದವರು, ಟೀಚರುಗಳು, ಅಂಗಡಿಯವರು. ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ಅಕ್ಕಿಯೋ ಔಷಧಿಯ ದುಡ್ಡೋ ಕೊಟ್ಟು ಬರುವುದಲ್ಲ, ಕೂತು ಮಾತಾಡಿ ಬರಬೇಕು. ಸಭೆ ಸೇರಿದಾಗ ಯಾರ ಸೂರು ಸೋರುತ್ತಿದೆ, ಯಾವ ಮಗುವಿನ ಫೀಸು ಬಾಕಿ ಎಂಬ ಲೆಕ್ಕ ನಡೆಯುತ್ತದೆ. ಕಾಣಿಕೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಷ್ಟಿ ಕಟ್ಟಿ ಅದರೊಳಗೆ ಕೈ ಹಾಕಿ ತೆಗೆಯಬೇಕು. ಯಾರು ಸಾವಿರ ಹಾಕಿದರು, ಯಾರು ಹತ್ತು, ಈ ವಾರ ಯಾರ ಮುಷ್ಟಿ ಖಾಲಿ ಇತ್ತು ಎಂಬುದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.