ದೊಡ್ಡವನು ಒಬ್ಬನೇ

ಸೂರ್ಯ ಮುಳುಗಿದೊಡನೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಿನ ಮಸೀದಿಗಳಿಂದ ಆಜಾನ್ ಕೇಳಿಬರುತ್ತದೆ. ದಂಡಿನ ಕಡೆಯ ನಿವಾಸಿಗಳಾದ ತಾವು ಅದನ್ನು ದಿನವೂ ಕೇಳಿದ್ದೀರಿ. ‘ಅಲ್ಲಾಹು ಅಕ್ಬರ್’ ಎಂಬುದು ಅದರ ಮೊದಲ ಮಾತು. ‘ದೇವರು ದೊಡ್ಡವನು’ ಎಂದು ನಾವು ಅರ್ಥ ಹೇಳುವುದುಂಟು. ಅರಬ್ಬಿ ಪದದ ರೂಪವನ್ನು ನೋಡಿದರೆ ‘ಮಿಗಿಲಾದವನು’ ಎಂಬುದು ಹೆಚ್ಚು ಸರಿ. ಯಾರಿಗಿಂತ ಮಿಗಿಲು ಎಂದು ಹೇಳಿಲ್ಲ. ತಾವು ಯಾವುದನ್ನು ದೊಡ್ಡದೆಂದು ಎಣಿಸಿದರೂ ಅದಕ್ಕಿಂತ ಎಂದು ತಿಳಿಯಬೇಕು.

ದೇವರ ಈ ಏಕತ್ವಕ್ಕೆ ‘ತೌಹೀದ್’ ಎಂದು ಹೆಸರು. ಆತನಿಗೆ ತಂದೆತಾಯಿಯಿಲ್ಲ, ಸಂತಾನವಿಲ್ಲ, ಸರಿಸಮಾನರಿಲ್ಲ ಎಂಬುದು ಕುರಾನಿನ 112ನೆಯ ಅಧ್ಯಾಯದ ಸಾರ; ನಾಲ್ಕೇ ವಾಕ್ಯಗಳ ಪುಟ್ಟ ಅಧ್ಯಾಯವದು. ಆತನ ದೈವತ್ವದಲ್ಲಿ ಇನ್ನೊಬ್ಬರನ್ನು ಪಾಲುಗಾರರನ್ನಾಗಿ ಮಾಡುವುದೇ ‘ಶಿರ್ಕ್’, ಪಾಪಗಳಲ್ಲಿ ಎಲ್ಲಕ್ಕಿಂತ ಘೋರವಾದುದು.

ಈ ತತ್ತ್ವವನ್ನು ಅರಿಯಲು ಗ್ರಂಥಗಳನ್ನೇ ಬಿಚ್ಚಬೇಕಾಗಿಲ್ಲ. ಅಂಗಡಿಗಳ ನಾಮಫಲಕಗಳನ್ನು ನೋಡಿ. ರಹಮಾನ್ ಎಂದರೆ ದಯಾಮಯನಾದ ದೇವರು. ಅಬ್ದುಲ್ ರಹಮಾನ್ ಎಂದರೆ ಆ ದಯಾಮಯನ ದಾಸ. ಹುಟ್ಟಿದ ಮಗುವಿಗೆ ಇಡುವ ಹೆಸರಿನಲ್ಲಿಯೇ ‘ನೀನು ಒಡೆಯನಲ್ಲ, ಆಳು’ ಎಂಬ ನೆನಪಿದೆ. ಪೈಗಂಬರ್ ಮುಹಮ್ಮದರನ್ನು ಸಹ ನಮಾಜಿನಲ್ಲಿ ಮೊದಲು ದೇವರ ದಾಸರೆಂದು, ಅನಂತರ ಆತನ ದೂತರೆಂದು ಸ್ಮರಿಸುತ್ತಾರೆ. ಕ್ರಿ.ಶ. 632ರಲ್ಲಿ ಅವರು ತೀರಿಕೊಂಡಾಗ ಕೆಲವರು ಆ ಸುದ್ದಿಯನ್ನು ನಂಬಲೊಲ್ಲದೆ ಹೋದರು. ಆಗ ಅಬೂಬಕರರು ಎದ್ದು ನಿಂತು, ಮುಹಮ್ಮದರನ್ನು ಪೂಜಿಸುತ್ತಿದ್ದವರು ಅವರು ಸತ್ತರೆಂದು ತಿಳಿಯಲಿ, ದೇವರನ್ನು ಪೂಜಿಸುವವರು ಆತನಿಗೆ ಸಾವಿಲ್ಲವೆಂದು ತಿಳಿಯಲಿ ಎಂದು ಹೇಳಿದರೆಂಬುದು ಪ್ರಸಿದ್ಧವಾಗಿದೆ.

ಹಾಗಾದರೆ ತಾನೇ ದೇವರೆಂದವರ ಗತಿಯೇನು? ಕುರಾನಿನಲ್ಲಿ ಫಿರೌನ ಅರಸನು ಅಂಥವನು. ಇನ್ನೊಬ್ಬ ಅರಸನು ಜೀವ ಕೊಡುವುದೂ ಕೊಲ್ಲುವುದೂ ತನ್ನ ಕೈಯಲ್ಲಿದೆಯೆಂದು ಇಬ್ರಾಹಿಮರೊಡನೆ ವಾದಿಸಿದನು. ಮೂಡಲಲ್ಲಿ ಹುಟ್ಟುವ ಸೂರ್ಯನನ್ನು ಪಡುವಲಿನಿಂದ ತರುವಂತೆ ಅವರು ಕೇಳಿದಾಗ ಆತನ ಬಾಯಿ ಕಟ್ಟಿತು.

ನಮ್ಮ ನಾಡಿನಲ್ಲಿಯೇ ಇದೇ ಆಜಾನಿನ ಮಾತು ಸಂಶಯಕ್ಕೆ ಎಡೆಮಾಡಿದ್ದುಂಟು. ಅಕ್ಬರ್ ಬಾದಶಹನು ಅದನ್ನು ಮುದ್ರೆಯಲ್ಲಿಯೂ ನಾಣ್ಯದಲ್ಲಿಯೂ ಕೆತ್ತಿಸಲು ಬಯಸಿದಾಗ, ‘ಅಕ್ಬರನೇ ದೇವರು’ ಎಂದೂ ಓದಬಹುದಲ್ಲವೆ ಎಂದು ಒಬ್ಬ ಪಂಡಿತರು ಆಕ್ಷೇಪಿಸಿದರಂತೆ. ಬಾದಶಹನು ಅಸಮಾಧಾನಗೊಂಡು, ದುರ್ಬಲನಾದ ಮನುಷ್ಯನು ಅಂಥ ಮಾತನ್ನು ಆಡಿಯಾನೆ ಎಂದನೆಂದು ಬದಾಯೂನಿಯ ಇತಿಹಾಸ ಹೇಳುತ್ತದೆ. ಅವನ ಆಸ್ಥಾನದಲ್ಲಿ ನಡೆದಿದ್ದ ಸಾಷ್ಟಾಂಗ ವಂದನೆಯನ್ನು ಮೊಮ್ಮಗ ಷಾಹಜಹಾನನು ಪಟ್ಟಕ್ಕೆ ಬಂದಮೇಲೆ ನಿಲ್ಲಿಸಿದನು. ಸಜ್ದಾ ದೇವರೊಬ್ಬನಿಗೇ ಸಲ್ಲತಕ್ಕದ್ದು.

ಅರಸರ ಅಹಂಕಾರ ಬೇರೆ, ಸಂತರ ಉನ್ಮಾದ ಬೇರೆ. ‘ನಾನೇ ಸತ್ಯ’ ಎಂದನೆಂದು ಹೆಸರಾದ ಮನ್ಸೂರ್ ಹಲ್ಲಾಜನನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ಅದಕ್ಕೆ ರಾಜಕೀಯದ ಕಾರಣಗಳೂ ಇದ್ದುವು. ಅನೇಕ ಸೂಫಿಗಳು ಅವನ ಮಾತಿಗೆ ಬೇರೆ ಅರ್ಥ ಹೇಳಿದರು: ಅಲ್ಲಿ ‘ನಾನು’ ದೇವರಾಗಲಿಲ್ಲ, ‘ನಾನು’ ಎಂಬುದೇ ಅಳಿದುಹೋಯಿತು.

ದರ್ಗಾಗಳ ವಿಷಯದಲ್ಲಿಯೂ ಪ್ರಶ್ನೆ ಏಳುತ್ತದೆ. ಬೆಂಗಳೂರು ಕರಗವು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿಬರುವುದನ್ನು ತಾವು ಬಲ್ಲಿರಿ. ಅಲ್ಲಿಗೆ ಹೋಗುವ ಮುಸ್ಲಿಮರು ದೇವರಿಗೆ ಪ್ರಿಯರಾದವರ ಮೂಲಕ ದೇವರಲ್ಲಿಯೇ ಬೇಡುತ್ತೇವೆ ಎನ್ನುತ್ತಾರೆ. ಒಪ್ಪದವರು ಇದು ಶಿರ್ಕಿಗೆ ದಾರಿ ಎನ್ನುತ್ತಾರೆ. ಗೋರಿಯಲ್ಲಿರುವವರು ದೇವರಲ್ಲವೆಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಅದೇ ಶಿವಾಜಿನಗರದಲ್ಲಿ ಸಂತ ಮೇರಿಯ ಬಸಿಲಿಕವೂ ಇದೆ. ಕುರಾನಿನ 19ನೆಯ ಅಧ್ಯಾಯಕ್ಕೆ ಆ ತಾಯಿ ಮರ್ಯಮಳದೇ ಹೆಸರು. ಯೇಸು ಕನ್ಯೆಯ ಮಗನೆಂದು ಮುಸ್ಲಿಮರೂ ನಂಬುತ್ತಾರೆ, ಪ್ರವಾದಿಯೆಂದು ಗೌರವಿಸುತ್ತಾರೆ; ದೇವಪುತ್ರನೆಂದು ಮಾತ್ರ ಒಪ್ಪುವುದಿಲ್ಲ. ಭೇದ ಚಿಕ್ಕದಲ್ಲ. ಅದನ್ನು ಮುಚ್ಚಿಡದೆ ತಿಳಿದುಕೊಂಡೇ ನೆರೆಹೊರೆಯವರಾಗಿ ಬಾಳುವುದು ನಮಗೆ ಒಪ್ಪುವ ಮಾತು. ಇಂದು ಸಂಜೆ ಆ ಕರೆ ಕೇಳಿದಾಗ ಅದರ ಅರ್ಥವನ್ನೊಮ್ಮೆ ನೆನೆಯಿರಿ. ‘ನಾನು ದೊಡ್ಡವನು’ ಎಂಬ ಹಮ್ಮು ಯಾವ ಮತದವರನ್ನೂ ಬಿಟ್ಟಿಲ್ಲ.