ಸರ್ವರ್ ಇಲ್ಲದ ದಿನದ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಆದಾಯ ಪ್ರಮಾಣಪತ್ರಕ್ಕೋ ಆರ್‌ಟಿಸಿಗೋ ಹೊರಟವರು ಹಿಂದೆ "ಶಾನುಭೋಗರು ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿ ಮರಳುತ್ತಿದ್ದರು. ಈಗ ಶಾನುಭೋಗರ ಜಾಗದಲ್ಲಿ ಸರ್ವರ್ ಇದೆ; ಅದೂ ಆಗಾಗ ಇರುವುದಿಲ್ಲ. ಶಾನುಭೋಗರ ಮೇಲಾದರೆ ತಹಶೀಲ್ದಾರರಿಗೆ ದೂರು ಕೊಡಬಹುದಿತ್ತು. ಸರ್ವರಿನ ಮೇಲೆ ಯಾರಿಗೆ ಕೊಡುವುದು? 2006ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಒಪ್ಪಿದ ರಾಷ್ಟ್ರೀಯ ಇ-ಆಡಳಿತ ಯೋಜನೆ ಜನರಿಗೆ ಕೊಟ್ಟ ಮಾತು ಇಷ್ಟು: ಸೇವೆ ಊರಿನ ಹತ್ತಿರವೇ ಸಿಗಬೇಕು, ಕೈಗೆಟುಕುವ ದರದಲ್ಲಿ ಸಿಗಬೇಕು, ನೆಚ್ಚಿಕೊಳ್ಳುವಂತಿರಬೇಕು. ಮೊದಲಿನ ಎರಡು ಬಹುಮಟ್ಟಿಗೆ ಈಡೇರಿವೆ. ಮೂರನೆಯದು ಈಡೇರಿದೆಯೇ ಎಂದು ತಿಳಿಯುವ ದಾರಿಯನ್ನೇ ನಾವು ಮಾಡಿಕೊಂಡಿಲ್ಲ ಎಂಬುದು ನನ್ನ ತಕರಾರು.

ತಕರಾರು ಕಂಪ್ಯೂಟರಿನ ಮೇಲಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದ ಈ ಜಿಲ್ಲೆಯಲ್ಲಿ ಅರ್ಧ ಎಕರೆ ಅಡಿಕೆ ತೋಟದ ಮನೆಗೂ ಆರ್‌ಟಿಸಿ ಬೇಕು: ಸೊಸೈಟಿ ಸಾಲಕ್ಕೆ, ಬೆಳೆ ವಿಮೆಗೆ, ಅಣ್ಣತಮ್ಮಂದಿರ ಪಾಲಿಗೆ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ 'ಭೂಮಿ' ಯೋಜನೆಯ ಕಂಪ್ಯೂಟರಿಗೆ ಬಂದ ಮೇಲೆ, 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರತೊಡಗಿತು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 66 ಮಂದಿ ಲಂಚ ಕೊಟ್ಟಿದ್ದರೆ ಹೊಸದರಲ್ಲಿ ಬರೀ 3 ಮಂದಿ ಎಂದು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಸಮೀಕ್ಷೆ ಹೇಳಿತ್ತು. ಹಳೆಯ ಪುಸ್ತಕಕ್ಕೆ ಮರಳೋಣ ಎನ್ನುವವರು ಈ ಅಂಕಿಯನ್ನು ಮರೆತಿರಬೇಕು.

ತೊಡಕು ಇರುವುದು ಇನ್ನೊಂದು ಕಡೆ. ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಂದು ಜಾರಿಗೆ ಬಂತು. ಅದಕ್ಕೆ ಒಂದು ತಿಂಗಳು ಮೊದಲು ಪ್ರಯೋಗ ನಡೆದ ನಾಲ್ಕು ತಾಲೂಕುಗಳಲ್ಲಿ ನಮ್ಮ ಪಕ್ಕದ ಪುತ್ತೂರೂ ಒಂದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಪ್ಪಿದ ನೌಕರನ ಕಡೆಯಿಂದ. ಒಳ್ಳೆಯ ಕಾಯ್ದೆ. ಆದರೆ ಗಡುವಿನ ದಿನ ಎಣಿಸತೊಡಗುವುದು ಅರ್ಜಿ ದಾಖಲಾಗಿ ಅದರ ಗುರುತಿಗೆ ಜಿಎಸ್‌ಸಿ ಎಂಬ ಸಂಖ್ಯೆ ಸಿಕ್ಕಿದ ಮೇಲೆ, ಮತ್ತು ಆ ಸಂಖ್ಯೆ ಕೊಡಬೇಕಾದದ್ದೂ ಅದೇ ಸರ್ವರ್! ಚಾರ್ಮಾಡಿ ತಪ್ಪಲಿನಿಂದ ಬಸ್ಸು ಹಿಡಿದು ಬೆಳ್ತಂಗಡಿಗೆ ಬಂದ ಕೂಲಿಯವನೊಬ್ಬ ಮೂರು ದಿನ ಬರಿಗೈಯಲ್ಲಿ ಮರಳಿ ನಾಲ್ಕನೆಯ ದಿನ ಅರ್ಜಿ ಕೊಟ್ಟನೆನ್ನಿ. ಕಡತದ ಪ್ರಕಾರ ಅವನು ಬಂದದ್ದು ಒಂದೇ ದಿನ, ಕೆಲಸವಾದದ್ದು ಗಡುವಿನೊಳಗೆ. ಹೋದ ಮೂರು ದಿನದ ಸಂಬಳ, ಬಸ್ ಚಾರ್ಜು ಯಾವ ಅಂಕಿಅಂಶದಲ್ಲೂ ಇಲ್ಲ. ವ್ಯವಸ್ಥೆ ಕೆಟ್ಟಷ್ಟೂ ದೂರು ಕಡಿಮೆ ಕಾಣುವ ವಿಚಿತ್ರ ಲೆಕ್ಕ ಇದು.

ನ್ಯಾಯಬೆಲೆ ಅಂಗಡಿಯಲ್ಲೂ ಇದೇ ಕತೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಸಾವಿರಾರು ಮನೆಗಳ ಹೆಂಗಸರು ಬೀಡಿ ಕಟ್ಟಿ ಸಂಸಾರ ತೂಗಿಸಿದವರು. ವರ್ಷಗಟ್ಟಲೆ ಎಲೆ ಸುರುಟಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣದಿದ್ದರೆ ಒಟಿಪಿಯಂಥ ಬೇರೆ ದಾರಿಗಳಿವೆ, ನಿಜ. ಆದರೆ ದಾರಿ ಇದೆ ಎಂದು ಯಾರೂ ಹೇಳದೆ ಖಾಲಿ ಚೀಲದೊಂದಿಗೆ ಮನೆಗೆ ಹೋದವಳು ಅಕ್ಕಿ ಒಯ್ಯಲು ಬರಲೇ ಇಲ್ಲ ಎಂದಾಗುತ್ತದೆ.

ಟವರ್ ಬಂದರೆ, ಫೈಬರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕುದುರೆಮುಖದ ಕಾಡಂಚಿನ ಕುತ್ಲೂರಿನಂಥ ಊರಿಗೆ ಅದು ಬೇಕೇ ಬೇಕು. ಆದರೆ 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ಬೆಂಗಳೂರಿನವರಿಗೂ ಕೈಕೊಟ್ಟಿತ್ತು. ಅಲ್ಲಿ ಟವರಿಗೇನು ಬರವೇ? ಹೀಗೆ ಬರಿಗೈಯಲ್ಲಿ ಮರಳಿದವರ ಲೆಕ್ಕ ಇಡಿ ಎಂದರೆ ಬರುವ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇರುವ ಕೆಲಸವೇ ಮುಗಿಯದ ಸಿಬ್ಬಂದಿಗೆ ಮತ್ತೊಂದು ದಾಖಲೆಯೇ? ಹತ್ತಾರು ಆ್ಯಪ್‌ಗಳ ಹೊರೆಯ ವಿರುದ್ಧ ಗ್ರಾಮ ಆಡಳಿತಾಧಿಕಾರಿಗಳು 2024ರಲ್ಲಿ ಮುಷ್ಕರ ಹೂಡಿದ್ದನ್ನು ತಳ್ಳಿಹಾಕುವಂತಿಲ್ಲ. ಆದರೆ ನಾನು ಕೇಳುತ್ತಿರುವುದು ಹೊಸ ಆ್ಯಪ್ ಅಲ್ಲ, ಒಂದು ಚೀಟಿ: ಹೆಸರು, ದಿನಾಂಕ, "ಸರ್ವರ್ ಇಲ್ಲದ್ದರಿಂದ ಅರ್ಜಿ ಪಡೆದಿಲ್ಲ" ಎಂಬ ಒಂದು ಸಾಲು, ಸೀಲು. ಗಡುವು ಆ ದಿನದಿಂದಲೇ ಶುರುವಾಗಲಿ, ಪರಿಹಾರದ ಹಣ ಗುಮಾಸ್ತರ ಸಂಬಳದಿಂದಲ್ಲ, ಸರ್ವರ್ ನಡೆಸುವ ಇಲಾಖೆಯಿಂದ ಬರಲಿ. ಸಾಲಿನಲ್ಲಿ ನಿಂತವರ ಸಿಟ್ಟನ್ನು ಈಗ ಸುಮ್ಮನೆ ಸಹಿಸುತ್ತಿರುವವರು ಕೌಂಟರಿನ ಆಚೆ ಕೂತವರೇ; ಆ ಚೀಟಿ ಅವರನ್ನೂ ಕಾಯುತ್ತದೆ.

ಮುಂದಿನ ಸಲ "ಸರ್ವರ್ ಇಲ್ಲ" ಎಂದಾಗ ಜಗಳಕ್ಕೆ ಹೋಗಬೇಡಿ. ಅಷ್ಟನ್ನೇ ದಿನಾಂಕ ಹಾಕಿ ಬರೆದುಕೊಡಿ ಎಂದು ಕೇಳಿ.